ಶಾವಿಗೆಯಲ್ಲ, ಬೊಂಬಿಲ್

ಕಳೆದ ವಾರ ಮಾರ್ವೆಯ ಧಕ್ಕೆಯಲ್ಲಿ ಮನೋರಿಗೆ ಹೋಗುವ ಲಾಂಚಿಗಾಗಿ ಕಾಯುತ್ತಿದ್ದೆ. ಆಚೆ ದಡದಿಂದ ಗಾಳಿ ಈಚೆಗೆ ತಿರುಗಿತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡರು. ಸ್ಕೂಟರ್ ಹಿಡಿದು ನಿಂತಿದ್ದವನೊಬ್ಬ 'ಅರೇ ಯಾರ್' ಎಂದು ಮುಖ ಸಿಂಡರಿಸಿದ. ಒಣಹಾಕಿದ ಬೊಂಬಿಲ್ ಮೀನಿನ ವಾಸನೆ ಅದು. ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡೆ. ಅವರಿಗೆ ಅದು ಮೀನು, ನನಗೆ ಅದು ಬಣ್ಣ. ಎರಡು ವರ್ಷದ ಹಿಂದಿನ ಬೇಸಿಗೆಯನ್ನು ಪೂರ್ತಿ ಆ ವಾಸನೆಯಲ್ಲೇ ನಿಂತು ನಾನು ಚಿತ್ರ ಬಿಡಿಸಲು ಕಲಿತೆ. ಆ ಬೇಸಿಗೆಯಲ್ಲೇ ನಮ್ಮ ಭಾವನವರ ಎದುರು ಮೊದಲ ಸಲ ಬಾಯಿ ಬಿಟ್ಟೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟವಾಯಿತು ಎಂದು ಕೇಳಿದರೆ, ಚಿತ್ರವೇ.

ಭಾವ ಎಂದರೆ ನನ್ನ ಗಂಡನ ಅಣ್ಣ. ಗ್ರಾಂಟ್ ರೋಡಿನಲ್ಲಿ ನಮ್ಮದೊಂದು ಹೋಟೆಲು ಇದೆ, ಅಣ್ಣತಮ್ಮಂದಿರಿಬ್ಬರದ್ದು. ಹೊರಗಿನ ಬೋರ್ಡಿನ ಮೇಲೆ ಹಸಿರು ಅಕ್ಷರದಲ್ಲಿ 'ಶುದ್ಧ ಶಾಕಾಹಾರಿ'. ಒಳಗಿನ ಮಾಲೀಕರಿಗೆ ಮನೆಯಲ್ಲಿ ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಉಡುಪಿ ಕಡೆಯಿಂದ ಬಂದ ನಮ್ಮಂಥ ಹಲವು ಮನೆಗಳ ಕಥೆ ಇದೇ. ನಮ್ಮ ಯಜಮಾನರು ಮನೆಯಲ್ಲಿ ಬಂಗುಡೆ ಸಾರು ಉಂಡು, ಬೆರಳಿಗೆ ನಿಂಬೆ ಹೋಳು ತಿಕ್ಕಿ, ವಾಸನೆ ನೋಡಿಕೊಂಡೇ ಗಲ್ಲಾಕ್ಕೆ ಹೋಗಿ ಕೂರುತ್ತಿದ್ದರು. ನನಗದು ತಪ್ಪಾಗಿ ಕಂಡದ್ದೇ ಇಲ್ಲ. ಹೊಟ್ಟೆಪಾಡು ಬೇರೆ, ಹೊಟ್ಟೆ ಬೇರೆ.

ಮದುವೆಯಾಗಿ ಕಾಂದಿವಲಿಗೆ ಬಂದಂದಿನಿಂದ ಆ ಹೋಟೆಲಿನ ಸಾಂಬಾರು ಪುಡಿ ನನ್ನ ಅಡುಗೆಮನೆಯಲ್ಲೇ ಆಗುವುದು. ಮಗಳು ಮದುವೆಯಾಗಿ ಪುಣೆಗೆ ಹೋದ ಮೇಲೆ ಹಗಲಿಡೀ ಮನೆಯಲ್ಲಿ ಪುಡಿಯ ಘಮ ಮತ್ತು ನಾನು, ಇಬ್ಬರೇ. ಅವಳು ಬಿಟ್ಟುಹೋದ ಕಪಾಟಿನಲ್ಲಿ ಒಂದು ಪೆಟ್ಟಿಗೆ ಆಕ್ರಿಲಿಕ್ ಬಣ್ಣದ ಟ್ಯೂಬುಗಳು ಸಿಕ್ಕಿದವು, ಮುಚ್ಚಳ ಸಹ ತೆರೆಯದವು. ಶಾಲೆಯಲ್ಲಿದ್ದಾಗ ನನಗೂ ಚಿತ್ರದ ಹುಚ್ಚಿತ್ತು. ಮಲಾಡಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ಟರಾಗಿದ್ದು ನಿವೃತ್ತರಾದ ಲೋಬೊ ಮಾಸ್ಟ್ರು ಮನೋರಿಯ ದಂಡೆಯಲ್ಲಿ ಚಿತ್ರ ಹೇಳಿಕೊಡುತ್ತಾರೆ ಎಂದು ಕೆಳಗಿನ ಮನೆಯವಳು ಹೇಳಿದಳು. ಆ ಭಾನುವಾರ ಊಟಕ್ಕೆ ಬಂದಿದ್ದ ಭಾವನಿಗೆ ಇದನ್ನು ಹೇಳಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತಾ ನಕ್ಕರು.

"ಈ ಪ್ರಾಯದಲ್ಲಿ ಎಂತ ಬಣ್ಣ ಮಾರಾಯ್ತಿ? ಬಿಸಿಲಲ್ಲಿ ನಿಂತು ಕಪ್ಪಾಗುವುದು ಬಿಟ್ಟು ಭಜನೆಗಾದರೂ ಹೋಗು."

ಹೋಗುವುದೋ ಬೇಡವೋ ಎಂದು ಅಲ್ಲಿಯವರೆಗೆ ನನಗೇ ಸಂಶಯವಿತ್ತು. ಆ ಮಾತು ಕೇಳಿದ ಮೇಲೆ ಉಳಿಯಲಿಲ್ಲ. ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ, ಅದು ಸುಟ್ಟರೂ ಹೋಗುವುದಿಲ್ಲ ಎಂದು ನನ್ನ ಅಮ್ಮ ಹೇಳಿಹೇಳಿ ಸೋತಿದ್ದರು.

ಮೊದಲ ದಿನ ಮರ್ಯಾದೆ ಹೋಯಿತು. ಹಲಗೆಯ ಮೇಲೆ ಸಾಲಾಗಿ ಬಣ್ಣ ಹಿಂಡಿ, ಸಮುದ್ರ ಎಲ್ಲಿಂದ ಶುರು ಮಾಡಲಿ ಎಂದು ನೋಡುತ್ತಾ ನಿಂತೆ. ನೋಡಿ ಮುಗಿಸುವಷ್ಟರಲ್ಲಿ ಬಣ್ಣವೆಲ್ಲ ಕೆನೆಗಟ್ಟಿತ್ತು. ಮಾರ್ಚಿನ ಬಿಸಿಲು, ಮೇಲೆ ಬಿಡದ ಗಾಳಿ. ನೀಲಿಯನ್ನು ಕುಂಚದಿಂದ ಒತ್ತಿದರೆ ಅದು ತುಂಡಾಗಿ ಎದ್ದು ಬಂತು. ಕುಂಚವನ್ನು ತೊಳೆಯಲು ಮರೆತದ್ದಕ್ಕೆ ಅದು ಕಡ್ಡಿಯಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬುರ್ಖಾದ ಮೇಲೆ ಮಗನ ಕ್ರಿಕೆಟ್ ಟೋಪಿ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಫೋನು ರಿಂಗಾಯಿತು. "ಹೂನ್ರಿ, ಬಂದೇನ್ರಿ, ಇಲ್ಲೇ ದರ್ಯಾದ ದಂಡಿ ಮ್ಯಾಲ ಅದೀನ್ರಿ" ಎಂದಳು. ಮನೋರಿಯಲ್ಲಿ ಕನ್ನಡ! ನಾನು ತಿರುಗಿ ನೋಡಿದ್ದು ಕಂಡು ಅವಳೂ ನಕ್ಕಳು.

ಅವಳು ಮೆಹರುನ್ನಿಸಾ, ವಿಜಾಪುರ ಕಡೆಯವಳು. ಜೋಗೇಶ್ವರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ದಿನವಿಡೀ ಬೇರೆಯವರ ಬಟ್ಟೆಗೆ ದಾರದ ಬಣ್ಣ ಹೊಂದಿಸಿ ಹೊಂದಿಸಿ ಸಾಕಾಗಿ, ಒಂದಾದರೂ ಬಣ್ಣ ತನಗೆ ಬೇಕಾದದ್ದು ಹಚ್ಚಬೇಕು ಎಂದು ಬಂದವಳು. ಚಿತ್ರ ಬಿಡಿಸುವ ದಪ್ಪ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವ ಕೆಲಸವನ್ನು ನಮ್ಮಿಬ್ಬರಿಗೂ ಅವಳೇ ಮಾಡಿದಳು. ಅವಳು ಬಿಗಿದ ಬಟ್ಟೆಯಲ್ಲಿ ಒಂದು ನೆರಿಗೆಯೂ ಕಾಣುತ್ತಿರಲಿಲ್ಲ.

ಒಣಗುವ ಬಣ್ಣಕ್ಕೆ ಉಪಾಯ ಹೊಳೆದದ್ದು ಮಾತ್ರ ನನಗೆ. ಹೋಟೆಲಿನಲ್ಲಿ ಇಡ್ಲಿ ಬೇಯಿಸುವಾಗ ತಟ್ಟೆಯ ಗುಳಿಗಳ ಮೇಲೆ ಒದ್ದೆ ಬಟ್ಟೆ ಹಾಸುತ್ತಾರಲ್ಲ, ಅದು ನೆನಪಾಯಿತು. ಅಂಚು ಸೊಟ್ಟಗಾಗಿ ಗುಜರಿಗೆ ಹೋಗಲಿದ್ದ ಎರಡು ತಟ್ಟೆ ಮತ್ತು ಹಳೆಯ ಇಡ್ಲಿ ಬಟ್ಟೆಗಳನ್ನು ಯಜಮಾನರಿಂದ ತರಿಸಿಕೊಂಡೆ. ಒಂದೊಂದು ಗುಳಿಗೆ ಒಂದೊಂದು ಬಣ್ಣ, ಮೇಲೆ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ. ಬೇಕಾದಾಗ ಬಟ್ಟೆಯ ಅಂಚು ಎತ್ತುವುದು, ಅದ್ದುವುದು, ಮತ್ತೆ ಮುಚ್ಚುವುದು. ಮಧ್ಯಾಹ್ನದವರೆಗೂ ಬಣ್ಣ ಬೆಣ್ಣೆಯಂತೆ ಉಳಿಯಿತು. ಲೋಬೊ ಮಾಸ್ಟ್ರು ಬಗ್ಗಿ ನೋಡಿ, "ಇದರ ಜೊತೆಗೆ ಚಟ್ನಿ ಇಲ್ವಾ?" ಎಂದರು. ಮುಂದಿನ ವಾರ ಅವರಿಗೂ ಒಂದು ತಟ್ಟೆ ಬೇಕಾಯಿತು.

ಮಾಸ್ಟ್ರು ಮಂಗಳೂರಿನವರು. ಮನೆಮಾತು ಕೊಂಕಣಿ, ನಮ್ಮಿಬ್ಬರ ಜೊತೆ ಕನ್ನಡ, ಉಳಿದವರ ಜೊತೆ ಹಿಂದಿ, ಸಿಟ್ಟು ಬಂದರೆ ಇಂಗ್ಲಿಷ್. ಸೂರ್ಯಾಸ್ತ ಬಿಡಿಸುತ್ತೇನೆ ಎಂದವರಿಗೆ ಅವರು ಇಂಗ್ಲಿಷಿನಲ್ಲೇ ಬೈಯುತ್ತಿದ್ದರು. ನಮ್ಮನ್ನು ದಂಡೆಯ ಚೆಂದದ ಜಾಗಗಳನ್ನೆಲ್ಲ ದಾಟಿಸಿ ಅಲ್ಲಿಯ ಮೀನುಗಾರರಾದ ಕೋಳಿ ಜನರ ಮನೆಗಳ ಹಿಂದೆ, ಮೀನು ಒಣಹಾಕುವ ಬಯಲಿಗೆ ಕರೆದುಕೊಂಡು ಹೋದರು. "ಸೂರ್ಯ ತನ್ನಷ್ಟಕ್ಕೆ ಚೆಂದ ಇದ್ದಾನೆ, ಅವನಿಗೆ ನಿಮ್ಮ ಸಹಾಯ ಬೇಡ. ಇದನ್ನು ಚೆಂದ ಮಾಡಿ ನೋಡುವಾ."

ಬಿದಿರಿನ ಗೂಟಗಳು, ಅವುಗಳ ನಡುವೆ ಆಳೆತ್ತರಕ್ಕೆ ಸಾಲುಸಾಲು ಹಗ್ಗ, ಹಗ್ಗದ ತುಂಬ ಬೊಂಬಿಲ್. ಎರಡೆರಡು ಮೀನಿನ ಬಾಯಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಗ್ಗದ ಈಚೆ ಒಂದು ಆಚೆ ಒಂದು ಇಳಿಬಿಡುತ್ತಾರೆ. ಹೆಂಗಸರ ಕೈ ಅದನ್ನು ಮಾಡುವ ವೇಗ ಕಣ್ಣಿಗೆ ಸಿಗುವುದಿಲ್ಲ. ಬೆಳಿಗ್ಗೆ ಅವು ತಿಳಿ ಗುಲಾಬಿ, ಬೆಳಕು ಒಳಗಿಂದ ಹಾಯುತ್ತದೆ. ಮಧ್ಯಾಹ್ನಕ್ಕೆ ಬಿಳಿಚುತ್ತವೆ. ಮರುದಿನ ಹಳದಿ, ಆಮೇಲೆ ಕಂದು. ಮೆಹರ್ ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ಅಯ್ಯ ಅಕ್ಕಾರ, ನಮ್ಮೂರಾಗ ಶಾವಿಗಿ ಹಿಂಗ ಕೋಲಿನ ಮ್ಯಾಲ ಒಣಾ ಹಾಕ್ತಾರ ನೋಡ್ರಿ! ಥೇಟ್ ಹಿಂಗ!"

ಆ ಮಾತಿಗೆ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಅದು ಮುಂದೆ ನನ್ನ ತಲೆಯ ಮೇಲೆಯೇ ಬೀಳುತ್ತದೆಂದು ಆಗ ತಿಳಿಯಲಿಲ್ಲ.

ಏಪ್ರಿಲ್ ಪೂರ್ತಿ ನಾನು ಆ ಹಗ್ಗಗಳ ಎದುರು ನಿಂತೆ. ಎಳೆಬಿಸಿಲಿಗೆ ಗುಲಾಬಿ ಹಚ್ಚಿ ಸ್ವಲ್ಪ ಹಿಂದೆ ಸರಿದು ನೋಡಿದರೆ ಮೀನು ಆಗಲೇ ಬಿಳಿಚಿರುತ್ತಿತ್ತು. ಬಣ್ಣವೂ ಹಾಗೇ, ಹಚ್ಚುವಾಗ ಒಂದು, ಒಣಗಿದ ಮೇಲೆ ಒಂದು ಛಾಯೆ ಗಾಢ. ಎರಡೂ ಒಟ್ಟಿಗೆ ಒಣಗುತ್ತಾ ನನ್ನನ್ನು ಆಟವಾಡಿಸುತ್ತಿದ್ದವು. ಸಿಟ್ಟು ಬಂದು ಒಂದು ದಿನ ಅರ್ಧ ಚಿತ್ರದ ಮೇಲೆ ಬಿಳಿ ಬಳಿದೆ. ಮಾಸ್ಟ್ರು ತಡೆಯಲಿಲ್ಲ.

"ಬಳಿಯಿರಿ. ಆದರೆ ಒಂದು ನೆನಪಿರಲಿ ಜಲಜಮ್ಮ. ಇದು ಅಳಿಸಲು ಬರುವ ಬಣ್ಣ ಅಲ್ಲ. ಮುಚ್ಚಬಹುದು ಅಷ್ಟೇ. ಅಡಿಯಲ್ಲಿ ಇದ್ದದ್ದು ಇದ್ದೇ ಇರ್ತದೆ."

ಬಿಸಿಲಿಗೆ ನಾನು ಭಾವ ಹೇಳಿದ ಹಾಗೆ ಕಪ್ಪಾದೆ. ಬಿಲ್ಡಿಂಗಿನ ಹೆಂಗಸರು ಲಿಫ್ಟಿನಲ್ಲಿ ಮೂಗು ಮುಚ್ಚಿಕೊಂಡರು. ನೋಡಲು ಬಂದವರು, "ಆಂಟಿ, ನಾರಿಯಲ್ ಕಾ ಪೇಡ್ ಬನಾವೋ ನಾ" ಎಂದು ಸಲಹೆ ಕೊಟ್ಟರು. ತೆಂಗಿನ ಮರ ನೋಡುತ್ತಲೇ ಬೆಳೆದವಳಿಗೆ ಅದನ್ನು ಬಿಡಿಸುವ ಹಟವಿರಲಿಲ್ಲ. ಮೇ ತಿಂಗಳ ನಡುವಿಗೆ ಚಿತ್ರ ಮುಗಿಯಿತು. ಗಾತ್ರಕ್ಕೆ ಅರ್ಧ ಬಾಗಿಲಿನಷ್ಟು. ಹಗ್ಗ, ಬಿದಿರು, ಹಿಂದೆ ಒಂದು ಗೆರೆ ಸಮುದ್ರ, ಮುಂದೆಲ್ಲ ಬೊಂಬಿಲ್. ಚೆನ್ನಾಗಿ ಬಂದಿತ್ತು. ಅದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ನಾಚಿಕೆಯೇನಿಲ್ಲ.

ಅದೇ ಹೊತ್ತಿಗೆ ಹೋಟೆಲಿನ ರಿಪೇರಿ ಮುಗಿಯುತ್ತಾ ಬಂದಿತ್ತು. ಹೊಸ ಎಸಿ ಕೋಣೆ, ಒಂದು ದೊಡ್ಡ ಖಾಲಿ ಗೋಡೆ. ಭಾನುವಾರದ ಊಟಕ್ಕೆ ಬಂದ ಭಾವ ನನ್ನ ಚಿತ್ರದ ಎದುರು ಎಷ್ಟೋ ಹೊತ್ತು ನಿಂತರು. ನಾವು ಮನೆಯಲ್ಲಿ ಆಡುವುದು ತುಳು, ಅವರ ದನಿ ಅದರಲ್ಲಿ ಎಂದಿಗಿಂತ ಮೆತ್ತಗಿತ್ತು.

"ಬೊಂಬಿಲ್ ಅಲ್ವಾ ಇದು? ವಾಸನೆ ಬಂದ ಹಾಗೆ ಉಂಟು. ಒಳ್ಳೆದುಂಟು ಜಲಜ, ನಿಜವಾಗಿ ಒಳ್ಳೆದುಂಟು."

ಮೂವತ್ತು ವರ್ಷ ಆ ಮನುಷ್ಯನಿಗೆ ಬಡಿಸಿದ್ದೇನೆ, ಒಳ್ಳೆಯದುಂಟು ಎಂಬ ಮಾತು ಕೇಳಿದ್ದು ಅಂದೇ. ಕಣ್ಣು ತುಂಬಿತು. ಅವರು ಗೋಡೆಯ ವಿಷಯ ತೆಗೆದರು. ಚಿತ್ರ ಹೋಟೆಲಿಗೆ ಬೇಕಂತೆ, ಆದರೆ ಮೀನು ಬೇಡವಂತೆ.

"ಮೇಲಿಂದ ದಾಸವಾಳವೋ ಏನಾದರೂ ಬಿಡಿಸಿ ಮುಚ್ಚಲಿಕ್ಕೆ ಆಗುದಿಲ್ವಾ?"

"ಆಗ್ತದೆ. ಮಾಡುವುದಿಲ್ಲ," ಎಂದೆ.

ಆಗ ನಮ್ಮ ಯಜಮಾನರು, ಮನೆಯಲ್ಲಿ ಮಾತು ಜೋರಾದರೆ ಹಾಸ್ಯ ಮಾಡಿ ತಣಿಸುವುದು ಅವರ ಅಭ್ಯಾಸ, ಮೆಹರಳ ಶಾವಿಗೆಯ ಕಥೆ ಹೇಳಿದರು. ಭಾವ ತೊಡೆ ತಟ್ಟಿದರು. "ಮುಗೀತಲ್ಲ! ಶಾವಿಗೆ! ಕೇಳಿದವರಿಗೆ ಶಾವಿಗೆ ಅಂತ ಹೇಳುವ."

"ನನ್ನನ್ನು ಕೇಳಿದರೆ ನಾನು ಮೀನು ಅಂತಲೇ ಹೇಳುವುದು ಭಾವ. ಈಗಲೇ ಹೇಳಿದ್ದೇನೆ."

ಅವರು ಚಪ್ಪಲಿ ಮೆಟ್ಟುತ್ತಾ ನಕ್ಕರು. "ನಿನ್ನನ್ನು ಯಾರು ಕೇಳ್ತಾರೆ ಮಾರಾಯ್ತಿ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಅದು ಹೆಚ್ಚು ಉರಿಯಿತು. ನಿಜವೇ, ಆ ಹೋಟೆಲಿನ ಸಾಂಬಾರನ್ನು ಊರೆಲ್ಲ ಹೊಗಳಿದಾಗಲೂ ಪುಡಿ ಯಾರದ್ದು ಎಂದು ಯಾರೂ ಕೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ಪುಡಿಗೆ ಹೆಸರಿಲ್ಲದಿದ್ದರೆ ನಡೆಯುತ್ತದೆ ಎಂದುಕೊಂಡಿದ್ದೆ. ಇದಕ್ಕೆ ನಡೆಯುವುದಿಲ್ಲ. ಬಿಸಿಲಲ್ಲಿ ನಿಂತು, ಮೀನನ್ನು ಮೀನಾಗಿ ಕಾಣಲು ಅಷ್ಟು ಒದ್ದಾಡಿದವಳು ನಾನು. ಗೋಡೆಗೆ ಹೋಗುವುದಾದರೆ ಅದು ಮೀನಾಗಿಯೇ ಹೋಗಬೇಕು. ಮೆಹರಳಿಗೆ ಫೋನು ಮಾಡಿ ಹೇಳಿದೆ. "ನಮ್ಮೂರ ಶಾವಿಗಿಗೆ ಕಣ್ಣು ಬಾಯಿ ಇರಂಗಿಲ್ರಿ ಅಕ್ಕಾರ, ನಿಮ್ಮ ಭಾವಗ ಹೇಳ್ರಿ," ಎಂದಳು.

ಹೊಸ ಕೋಣೆಯ ಗಣಹೋಮದ ದಿನ ಬೆಳಿಗ್ಗೆ ನಾನು ಗ್ರಾಂಟ್ ರೋಡಿಗೆ ಹೋದಾಗ ಚಿತ್ರ ಆಗಲೇ ಗೋಡೆಯ ಮೇಲಿತ್ತು. ಹೇಳಬೇಕಾದದ್ದನ್ನು ಮೊದಲೇ ಹೇಳಿಯಾಗಿದೆಯಲ್ಲ ಎಂದು ಹಿಂದಿನ ದಿನವೇ ಯಜಮಾನರ ಕೈಯಲ್ಲಿ ಕಾರಿನಲ್ಲಿ ಕಳಿಸಿದ್ದೆ. ಮೇಲಿನಿಂದ ದೀಪ ಬಿಟ್ಟಿದ್ದರು, ಎಷ್ಟು ಕಂಗೊಳಿಸುತ್ತಿತ್ತೆಂದರೆ ಒಂದು ಕ್ಷಣ ಎಲ್ಲ ಮರೆತೆ. ಹತ್ತಿರ ಹೋದಾಗ ಕೆಳಗೆ ಚಿನ್ನದ ಬಣ್ಣದ ಚೀಟಿ ಕಂಡಿತು. ಹಿಂದಿಯಲ್ಲಿ ಬರೆದಿತ್ತು: 'ಕರ್ನಾಟಕದ ಹಳ್ಳಿಯಲ್ಲಿ ಶಾವಿಗೆ'. ಬಿಡಿಸಿದವಳ ಹೆಸರಿಗೆ ಜಾಗ ಸಾಕಾಗಲಿಲ್ಲವೋ ಏನೋ.

ಪ್ರಸಾದ ಹಂಚಿ ಮುಗಿದು ಹಳೆಯ ಗಿರಾಕಿಗಳು ಕೂರತೊಡಗಿದರು. ಎದುರಿನ ಗಲ್ಲಿಯ ಬಟ್ಟೆ ಅಂಗಡಿಯ ಸೇಠ್‌ಜಿ, ತಲೆಮಾರುಗಳಿಂದ ಈರುಳ್ಳಿಯನ್ನೂ ಮುಟ್ಟದ ಮನೆತನದವರು, ನನ್ನ ಚಿತ್ರದ ಕೆಳಗಿನ ಮೇಜನ್ನೇ ಆರಿಸಿದರು. ಕನ್ನಡಕ ಏರಿಸಿ ಮೇಲೆ ನೋಡಿದರು. ಭಾವ ಹೆಮ್ಮೆಯಿಂದ, ಇದನ್ನು ನನ್ನ ತಮ್ಮನ ಹೆಂಡತಿಯೇ ಮಾಡಿದ್ದು ಎಂದು ನನ್ನ ಕಡೆ ಕೈ ತೋರಿಸಿದರು. ಸೇಠ್‌ಜಿ ಕೈ ಮುಗಿದು ನನ್ನನ್ನೇ ಕೇಳಿದರು.

"ಬಹುತ್ ಸುಂದರ್ ಬಹೆನ್‌ಜಿ. ಯೇ ಹೈ ಕ್ಯಾ?"

"ಸೇವಯ್ಯಾ, ಸೇಠ್‌ಜಿ, ಸೇವಯ್ಯಾ," ಶಾವಿಗೆಯೆಂದು ಭಾವ ನನಗಿಂತ ಮೊದಲು ಹೇಳಿದರು.

ಕೇಳುವವರು ಒಬ್ಬರು ಬಂದಿದ್ದರಲ್ಲ! "ನಹೀ ಸೇಠ್‌ಜಿ, ಮಚ್ಛಿ ಹೈ. ಬೊಂಬಿಲ್. ಮನೋರಿ ಮೇ ಸುಖಾತೇ ಹೈ. ಮೈನೇ ವಹೀ ಖಡೇ ಹೋಕರ್ ಬನಾಯಾ."

ಅದು ಮೀನು, ಒಣಹಾಕುವಲ್ಲೇ ನಿಂತು ಬಿಡಿಸಿದ್ದು ಎಂದು ಹೇಳಿಬಿಟ್ಟಿದ್ದೆ. ಸೇಠ್‌ಜಿ ಇನ್ನೊಮ್ಮೆ ಮೇಲೆ ನೋಡಿದರು, 'ಅಚ್ಛಾ' ಎಂದರು, ಎದ್ದು ದೂರದ ಮೇಜಿಗೆ ಹೋಗಿ ಚಿತ್ರಕ್ಕೆ ಬೆನ್ನು ಹಾಕಿ ಕುಳಿತರು. ಅವರ ಮೇಲೆ ನನಗೆ ಅಂದೂ ಬೇಸರವಿಲ್ಲ, ಇಂದೂ ಇಲ್ಲ. ಬೆನ್ನು ಹಾಕುವುದು ಅವರ ಹಕ್ಕು. ಏನೆಂದು ಗೊತ್ತಾದ ಮೇಲೆ ತಾನೇ ಬೆನ್ನು ಹಾಕಿದ್ದು? ನನಗೆ ಬೇಕಾದದ್ದೂ ಅಷ್ಟೇ.

ಭಾವನ ಕಿವಿ ಕೆಂಪಾಗಿತ್ತು. ಹತ್ತಿರ ಬಂದು ಹಲ್ಲು ಕಚ್ಚಿ, "ತೆಗೆಸ್ತೇನೆ ಅದನ್ನು. ಈಗಲೇ ತೆಗೆಸ್ತೇನೆ," ಎಂದರು.

"ನೀವು ಯಾಕೆ ಭಾವ? ಶಾವಿಗೆ ಅಂತ ಚೀಟಿ ಹಾಕುವಾಗ ನನ್ನನ್ನು ಕೇಳಲಿಲ್ಲ, ತೆಗೆಯುವುದನ್ನಾದರೂ ನಾನು ಮಾಡುತ್ತೇನೆ."

ಸ್ಟೂಲು ಎಳೆದು ಹತ್ತಿದೆ. ರೇಷ್ಮೆ ಸೀರೆ, ಮಂಡಿನೋವು, ಕೆಳಗೆ ಇಡ್ಲಿ ತಿನ್ನುತ್ತಾ ನೋಡುತ್ತಿರುವ ಜನ. ಸ್ಟೂಲು ಅಲುಗಿತು. ಯಾರೋ ಗಟ್ಟಿಯಾಗಿ ಹಿಡಿದರು. ಬಗ್ಗಿ ನೋಡಿದರೆ ನಮ್ಮ ಯಜಮಾನರು. ಅಣ್ಣನ ಮುಖವನ್ನು ಅವರು ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಂತರು. ಅವರಿಂದ ಅಷ್ಟನ್ನೂ ನಾನು ನಿರೀಕ್ಷಿಸಿರಲಿಲ್ಲ. ಕಾರಿನಲ್ಲಿ ಕಳಿಸುತ್ತೇನೆ ಎಂದರು, ಬೇಡವೆಂದೆ. ಆ ಚಿತ್ರ ಎತ್ತಿಕೊಂಡು ಎಲ್ಲರೆದುರು ಮುಂಬಾಗಿಲಿನಿಂದಲೇ ಹೊರಬಂದೆ.

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬಿಯಲ್ಲಿ ಚಿತ್ರ ಹಿಡಿಯಲಿಲ್ಲ. ಲಗೇಜ್ ಡಬ್ಬಿಗೆ ಓಡಿದೆ. ಒಳಗೆ ಖಾಲಿ ಬುಟ್ಟಿಗಳನ್ನು ಇಟ್ಟುಕೊಂಡು ಮೀನು ಮಾರುವ ಕೋಳಿ ಹೆಂಗಸರು ನೆಲದ ಮೇಲೆ ಕುಳಿತಿದ್ದರು, ಮುಡಿಯಲ್ಲಿ ಅಬ್ಬಲಿಗೆ. ಲೋಕಲ್ ಹೊರಟಿತು. ಚಿತ್ರವನ್ನು ಗೋಡೆಗೆ ಒರಗಿಸಿ ಹಿಡಿದು ನಿಂತೆ. ಈಗ ಧೈರ್ಯವೆಲ್ಲ ಇಳಿದಿತ್ತು. ಮನೆಯವರ ಮರ್ಯಾದೆ ತೆಗೆದೆನೇನೋ ಎಂಬ ಯೋಚನೆ ಹತ್ತಿತು.

ದಪ್ಪ ಮೂಗುತಿಯ ಮುದುಕಿಯೊಬ್ಬಳು ತಲೆ ಓರೆ ಮಾಡಿ ನೋಡಿದಳು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

"ಅಗ ಬಾಯಿ, ಬೊಂಬಿಲ್ ಬಘ! ಮನೋರೀಚೇ ದಿಸ್ತಾತ್."

ಬೊಂಬಿಲ್ ನೋಡೇ, ಮನೋರಿಯದ್ದೇ ಇರಬೇಕು ಎಂದು ಅವಳು ಮರಾಠಿಯಲ್ಲಿ ಹೇಳಿದ್ದು ಕೇಳಿ ಎಲ್ಲ ಹೆಂಗಸರೂ ತಿರುಗಿದರು. ಒಬ್ಬಳು ಎದ್ದು ಬಂದು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಒಂದು ಮೀನಿನ ಮೇಲೆ ಬೆರಳಿಟ್ಟಳು. ಇದನ್ನು ಇವತ್ತು ಬೆಳಿಗ್ಗೆ ಹಾಕಿದ್ದು, ಅದು ನಿನ್ನೆಯದು ಎಂದು ಇನ್ನೊಬ್ಬಳಿಗೆ ತೋರಿಸಿದಳು. ನಾನು ಒಂದು ಮಾತೂ ಹೇಳಿರಲಿಲ್ಲ. ಚೀಟಿಯೂ ಇರಲಿಲ್ಲ, ಅದನ್ನು ಹೋಟೆಲಿನಲ್ಲೇ ಕಿತ್ತು ಹಾಕಿದ್ದೆ. ಅಂಧೇರಿ ಬರುವವರೆಗೂ ಅತ್ತೆ. ದುಃಖಕ್ಕಲ್ಲ. ಮುದುಕಿ ಬುಟ್ಟಿ ಸರಿಸಿ ಕೂರಲು ಜಾಗ ಮಾಡಿಕೊಟ್ಟಳು.

ಜೂನಿನಲ್ಲಿ ಮಳೆ ಬಂತು. ದೋಣಿಗಳನ್ನು ದಂಡೆಗೆ ಎಳೆದು ತಾಡಪಾಲು ಹೊದಿಸಿದರು, ಹಗ್ಗಗಳು ಖಾಲಿಯಾದವು, ಕ್ಲಾಸು ನಿಂತಿತು. ಹೋಟೆಲಿನ ಗೋಡೆಗೆ ಒಂದು ಜಲಪಾತದ ಪ್ರಿಂಟ್ ಬಂತು. ಯಾವ ಊರಿನ ಜಲಪಾತವೋ ಇಂದಿಗೂ ಯಾರಿಗೂ ಗೊತ್ತಿಲ್ಲ. ನನ್ನ ಬೊಂಬಿಲ್ ಕಾಂದಿವಲಿಯ ಮನೆಯಲ್ಲಿ, ಊಟದ ಮೇಜಿನ ಎದುರಿನ ಗೋಡೆಗೆ ಹತ್ತಿತು. ಭಾವ ಭಾನುವಾರಗಳಲ್ಲಿ ಬರುವುದನ್ನು ನಿಲ್ಲಿಸಿದರು. ಸಾಂಬಾರು ಪುಡಿಯನ್ನು ನಾನೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಡಬ್ಬಿಯ ಮೇಲೆ ಆಕ್ರಿಲಿಕ್ಕಿನಲ್ಲಿ 'ಜಲಜಾ' ಎಂದು ದಪ್ಪಗೆ ಬರೆದು ಕಳಿಸತೊಡಗಿದೆ.

ಆದರೆ ಮಳೆಗಾಲದಲ್ಲಿ ಹಸಿ ಮೀನು ಸಿಗುವುದು ಕಷ್ಟ. ನಮ್ಮ ಕಡೆಯ ನಾಲಿಗೆ ಆಗ ಒಣಮೀನಿಗೆ ಹಾತೊರೆಯುತ್ತದೆ. ಜುಲೈಯ ಒಂದು ಭಾನುವಾರ ಧೋ ಎಂದು ಸುರಿಯುತ್ತಿದ್ದಾಗ ಭಾವ ಛತ್ರಿ ಒದರುತ್ತಾ ಬಾಗಿಲಲ್ಲಿ ನಿಂತರು. ಈ ಕಡೆ ಕೆಲಸವಿತ್ತು ಎಂದರು. ಮನೋರಿಯಿಂದ ತಂದಿಟ್ಟಿದ್ದ ಬೊಂಬಿಲ್ಲನ್ನು ಕೆಂಪಗೆ ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಸೇರಿಸಿ ಚಟ್ನಿ ಅರೆದಿದ್ದೆ. ವಾಸನೆ ಲಿಫ್ಟಿನವರೆಗೂ ಹೋಗಿತ್ತು. ಅವರ ತಟ್ಟೆಯನ್ನು ಚಿತ್ರಕ್ಕೆ ಎದುರಾಗಿ ಇಟ್ಟೆ.

ಕುಚ್ಚಲಕ್ಕಿ ಗಂಜಿ, ಚಟ್ನಿ. ತಲೆ ಎತ್ತದೆ ಉಂಡರು. ಚಟ್ನಿ ಮುಗಿಯಿತು. ಬೆರಳು ತಟ್ಟೆಯ ಖಾಲಿ ಜಾಗದಲ್ಲಿ ಸುತ್ತಿತು.

"ಇನ್ನು ಸ್ವಲ್ಪ ಹಾಕು."

"ಏನು ಭಾವ, ಶಾವಿಗೆಯಾ?" ಸೌಟು ಹಿಡಿದು ನಿಂತೇ ಕೇಳಿದೆ.

ಯಜಮಾನರು ಕೆಮ್ಮಿದರು. ಭಾವ ನನ್ನನ್ನು ನೋಡಿದರು, ಸೌಟನ್ನು ನೋಡಿದರು, ಆಮೇಲೆ ತಲೆ ಎತ್ತಿ ಗೋಡೆಯನ್ನು. ನಾನು ಕೈ ಮುಂದೆ ಮಾಡಲಿಲ್ಲ. ಹೊರಗೆ ಮಳೆ ಎಷ್ಟು ಹೊತ್ತು ಬೇಕಾದರೂ ಸುರಿಯಲಿ, ನನಗೆ ಅವಸರವಿರಲಿಲ್ಲ.

"ಬೊಂಬಿಲ್," ಎಂದರು ಭಾವ. "ಬೊಂಬಿಲ್ ಹಾಕು ಮಾರಾಯ್ತಿ."

ಹಾಕಿದೆ. ತಟ್ಟೆ ತುಂಬ ಹಾಕಿದೆ.